ಫೋಟೊದೊಳಗಿನ ಕೆಲಸವನ್ನು ಓದುವುದು: ಒಂದು ಕಬ್ಬಿನ ಗಾಡಿ ಕಲಿಸಿದ್ದು

ಪುಣೆಯ ಹಡಪ್ಸರದಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಫೋಟೊ ತೂಗುಹಾಕಿದೆ. ಸೊಲ್ಲಾಪುರ ರಸ್ತೆಯಲ್ಲಿ, ಭಿಗವಣದ ಹತ್ತಿರ, ಬಸ್ಸಿನ ಕಿಟಕಿಯಿಂದ ನಾನೇ ತೆಗೆದದ್ದು. ಡಿಸೆಂಬರ್ ತಿಂಗಳು. ಕಬ್ಬು ಹೇರಿದ ಎರಡು ಎತ್ತಿನ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿವೆ. ಮುಂದಿನ ಗಾಡಿಯ ಹಗ್ಗ ಹಿಡಿದು ಒಬ್ಬ ಗಂಡಸು ನಡೆಯುತ್ತಿದ್ದಾನೆ. ಕಬ್ಬಿನ ರಾಶಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ, ಮಡಿಲಲ್ಲಿ ಮಗು. ದೂರದಲ್ಲಿ ಚಿಮಣಿ, ಒಂದಿಷ್ಟು ಹೊಗೆ.

ಮುಂದಿನ ವರ್ಷ ನಮ್ಮ ಸೊಸೈಟಿಯ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಸಣ್ಣದೊಂದು ಫೋಟೊ ಪ್ರದರ್ಶನ ಇಟ್ಟೆವು. ನಾನು ಈ ಫೋಟೊ ಕೊಟ್ಟು, ಕೆಳಗೆ ‘ಸಂಜೆ ಮನೆಗೆ ಮರಳುವ ರೈತ’ ಅಂತ ಬರೆದೆ. ಎಲ್ಲರೂ ಚೆನ್ನಾಗಿದೆ ಅಂದರು. ರಾತ್ರಿ ಕುರ್ಚಿ ಎತ್ತಿಡಲು ಬಂದ ವಾಚ್‌ಮನ್ ಕಾಕಾ ಮಾತ್ರ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ಅವರದು ಇಂಡಿ ಕಡೆಯ ಊರು. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋದವರು.

‘ಇಂವ ರೈತ ಅಲ್ರಿ ಸರ್,’ ಅಂದರು. ‘ಕಬ್ಬ ಕಡಿಯೊ ಗ್ಯಾಂಗಿನವ್ರ ಇವ್ರು. ಮತ್ತ ಹೇರಿದ ಗಾಡಿ ಯಾರರೆ ಮನೀಗಿ ಒಯ್ತಾರೇನ್ರಿ? ಫ್ಯಾಕ್ಟ್ರಿಗಿ ಹೊಂಟಾರ. ಇನ್ನ ರಾತ್ರಿ ಎಷ್ಟಾಗ್ತದೊ ಏನೊ.’

ಅಂದರೆ ರೈತ ಅಲ್ಲ, ಮನೆಗೆ ಅಲ್ಲ, ಮರಳುತ್ತಲೂ ಇಲ್ಲ. ನಾನು ಬರೆದ ನಾಲ್ಕು ಪದದಲ್ಲಿ ‘ಸಂಜೆ’ ಒಂದೇ ಸರಿ. ಅದೂ ನಾನೇ ಅಲ್ಲಿದ್ದದ್ದಕ್ಕೆ!

ನಾನು ಮಲೆನಾಡಿನವನು. ಗದ್ದೆ ಕೆಲಸದ ಫೋಟೊ ಆಗಿದ್ದರೆ ಇಷ್ಟು ಎಡವುತ್ತಿರಲಿಲ್ಲವೇನೊ. ಕಬ್ಬಿನ ಕೆಲಸ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ‘ಹಳ್ಳಿ ಅಂದ್ರೆ ಹೀಗೇ’ ಅಂತ ತಲೆಯಲ್ಲಿದ್ದ ಒಂದು ಚಿತ್ರ ತಂದು ಅಂಟಿಸಿಬಿಟ್ಟೆ. ಆಮೇಲೆ ಇಂಥ ಫೋಟೊಗಳನ್ನು ನೋಡುವ ರೀತಿಯನ್ನೇ ಬದಲಾಯಿಸಿಕೊಂಡೆ. ಅಂದ ಚಂದ, ಅಯ್ಯೋ ಪಾಪ ಎರಡನ್ನೂ ಪಕ್ಕಕ್ಕಿಟ್ಟು ಮೊದಲು ಕೆಲಸವನ್ನು ನೋಡುತ್ತೇನೆ. ಅದು ಹೇಗೆ ಅಂತ ಇದೇ ಫೋಟೊ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಹತ್ತಿರವೂ ಒಂದಿದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂಬಯಿ, ಪುಣೆಯ ಕನ್ನಡದವರ ಮನೆಗಳಲ್ಲಿ ಊರಿನ ಗದ್ದೆಯದೋ ಕಣದ್ದೋ ಒಂದು ಫೋಟೊ ಇರುತ್ತದೆ, ಅಲ್ವಾ?

ಮೊದಲು ಬರಹ ಮುಚ್ಚಿ, ಆಮೇಲೆ ಎಣಿಸಿ

ಫೋಟೊದ ಕೆಳಗೆ ಏನಾದರೂ ಬರೆದಿದ್ದರೆ ಕೈಯಿಂದ ಮುಚ್ಚಿ. ‘ಬರದಿಂದ ಕಂಗೆಟ್ಟ ಕುಟುಂಬ’ ಅಂತ ಓದಿದ ಮೇಲೆ ನಗುವ ಮುಖವೂ ಕಂಗೆಟ್ಟ ಹಾಗೇ ಕಾಣುತ್ತದೆ.

ಒಂದು ಹಳೆಯ ಮದುವೆ ಕಾಗದ ತಗೊಂಡು ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸಿ. ಅದನ್ನು ಎಡಗಡೆಯ ಮೇಲಿನ ಮೂಲೆಯಿಂದ ಶುರು ಮಾಡಿ ಸಾಲುಸಾಲಾಗಿ ಸರಿಸುತ್ತಾ ಬನ್ನಿ. ಫೋನಿನಲ್ಲಾದರೆ ದೊಡ್ಡದು ಮಾಡಿ ಹಾಗೇ ಸರಿಸಿದರೂ ಆಯಿತು. ಇದು ಮಕ್ಕಳಾಟದ ಹಾಗೆ ಕಾಣಬಹುದು. ಆದರೆ ನಮ್ಮ ಕಣ್ಣು ಸೀದಾ ಮುಖಕ್ಕೇ ಹೋಗುತ್ತದೆ, ಅದರಲ್ಲೂ ಮಗುವಿನ ಮುಖಕ್ಕೆ. ಅಲ್ಲೇ ಕೂತುಬಿಡುತ್ತದೆ. ಕಿಂಡಿ ಇದ್ದರೆ ಮೂಲೆಗಳನ್ನೂ ನೋಡಲೇಬೇಕಾಗುತ್ತದೆ.

ನನ್ನ ಫೋಟೊದ ಮೂಲೆಗಳಲ್ಲಿ ಸಿಕ್ಕಿದ್ದು ಇಷ್ಟು. ಗಾಡಿಯ ಕೆಳಗೆ ನೇತಾಡುವ ಪ್ಲಾಸ್ಟಿಕ್ ಕ್ಯಾನ್. ಹಿಂದುಗಡೆ ಬಿಗಿದು ಕಟ್ಟಿದ ಹಸಿರು ಸೋಗೆಯ ಕಂತೆ. ಕಬ್ಬಿನ ನಡುವೆ ಸಿಕ್ಕಿಸಿದ ಒಂದು ಕತ್ತಿಯ ಹಿಡಿ. ಗಾಡಿಯ ಕಬ್ಬಿಣದ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರ್. ಕೆಳಗಿನ ಬಲ ಮೂಲೆಯಲ್ಲಿ ಮಸುಕಾಗಿ ಏನೋ ನೀಲಿ. ಆ ನೀಲಿಯ ಕಥೆ ಆಮೇಲೆ ಹೇಳುತ್ತೇನೆ.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಹಾಳೆಯನ್ನು ಉದ್ದಕ್ಕೆ ಮೂರು ಮಾಡಿಕೊಳ್ಳಿ: ಕಂಡದ್ದು, ಊಹಿಸಿದ್ದು, ಕೇಳಬೇಕಾದ್ದು. ‘ಹೆಂಗಸು ಗಾಡಿ ಮೇಲೆ ಕೂತಿದ್ದಾಳೆ’ ಕಂಡದ್ದು. ‘ದಣಿದಿದ್ದಾಳೆ’ ಊಹೆ. ‘ಅವಳು ಆ ಗಂಡಸಿನ ಹೆಂಡತಿ’ ಅನ್ನುವುದೂ ಊಹೆಯೇ. ನೋಡಿದ ತಕ್ಷಣ ಗಂಡ ಹೆಂಡತಿ ಮಗು ಅಂತ ಸಂಸಾರ ಕಟ್ಟಿಬಿಡುತ್ತೇವೆ, ಫೋಟೊದಲ್ಲಿ ಅದಕ್ಕೆ ಯಾವ ಆಧಾರವೂ ಇರುವುದಿಲ್ಲ.

ಕೈಯಲ್ಲಿ ಏನಿದೆ, ಕಾಲು ಎತ್ತ ಇದೆ

ಇದೇ ಮುಖ್ಯ. ಮುಖ ಬಿಟ್ಟು ಕೈ ನೋಡಿ. ಕೈಯಲ್ಲಿ ಹಿಡಿದದ್ದಕ್ಕೆ ಹೆಸರು ಹುಡುಕಿ. ಹೆಸರು ಸಿಕ್ಕರೆ ಅರ್ಧ ಕಥೆ ಸಿಕ್ಕಿದ ಹಾಗೆ.

ಕಬ್ಬಿನಲ್ಲಿ ಸಿಕ್ಕಿಸಿದ್ದ ಆ ಕತ್ತಿಗೆ ಈ ಕಡೆ ಕೊಯತಾ ಅನ್ನುತ್ತಾರೆ. ತಮಾಷೆ ಅಂದರೆ ಅದನ್ನು ಹಿಡಿದು ದುಡಿಯುವ ಜೋಡಿಗೂ ಕೊಯತಾ ಅಂತಲೇ ಹೆಸರು. ಗಂಡ ಹೆಂಡತಿ ಸೇರಿ ಒಂದು ಕೊಯತಾ. ಒಬ್ಬರೇ ಇದ್ದರೆ ಅರ್ಧ ಕೊಯತಾ. ಸೀಸನ್ ಶುರುವಾಗುವ ಮೊದಲೇ ಮುಕಾದಮ, ಅಂದರೆ ಕೆಲಸಕ್ಕೆ ಜನ ಕರೆತರುವ ಗುತ್ತಿಗೆದಾರ, ಒಂದೊಂದು ಕೊಯತಾಗೆ ಇಷ್ಟು ಅಂತ ಮುಂಗಡ ಕೊಟ್ಟಿರುತ್ತಾನೆ. ಅದಕ್ಕೆ ಮರಾಠಿಯಲ್ಲಿ ಉಚಲ್ ಅನ್ನುತ್ತಾರೆ. ಆಮೇಲೆ ಕಡಿದು ಹಾಕಿದ ಟನ್ನಿನ ಲೆಕ್ಕದಲ್ಲಿ ಅದನ್ನು ತೀರಿಸಬೇಕು. ಹೀಗೆ ಬರುವವರಲ್ಲಿ ಮರಾಠವಾಡದ ಬೀಡ್ ಕಡೆಯವರು ಜಾಸ್ತಿ. ಕಾಕಾನಂಥ ನಮ್ಮ ಗಡಿ ಊರಿನವರೂ ಇರುತ್ತಾರೆ. ಒಂದು ಹಿಡಿಕೆಯ ತುದಿ ಕಂಡಿದ್ದರಿಂದ ಇಷ್ಟು ದೂರ ಹೋಗಬಹುದು.

ಗಾಡಿಯ ನಂಬರನ್ನು ನಾನು ಯಾವುದೋ ಲೈಸೆನ್ಸ್ ನಂಬರ್ ಅಂದುಕೊಂಡಿದ್ದೆ. ಕಾಕಾ ನಕ್ಕರು. ‘ಫ್ಯಾಕ್ಟ್ರಿ ಗಾಡಿರಿ ಅದು, ಬಾಡಿಗಿದು. ಎತ್ತ ಇವ್ರವು.’ ಅವರು ಅವನನ್ನು ರೈತ ಅಲ್ಲ ಅಂದದ್ದಕ್ಕೆ ಅದೂ ಒಂದು ಕಾರಣ. ‘ಹಂಗಾರ ಹೊಲದ ಮಾಲಕ ಎಲ್ಲಿ?’ ಅಂತ ಕೇಳಿದೆ. ‘ಅಂವ ಮೋಟರ್‌ಸೈಕಲ್ ಮ್ಯಾಲ ಬರ್ತಾನ್ರಿ, ಹಿಂದಿಂದ.’

ಸೋಗೆಯ ಕಂತೆಯೂ ಸುಮ್ನೆ ಕಟ್ಟಿದ್ದಲ್ಲ. ಕಬ್ಬಿನ ತುದಿಯ ಆ ಹಸಿರು ಎತ್ತಿಗೆ ಮೇವು. ಮಿಕ್ಕಿದ್ದನ್ನು ಮಾರುತ್ತಾರೆ, ದಿನದ ಖರ್ಚಿಗೆ ಕೈಗೆ ಬರುವ ಚಿಲ್ಲರೆ ಕಾಸು ಅದೇ. ಸೋಗೆ ಇನ್ನೂ ಬಾಡಿಲ್ಲ ಅಂದರೆ ಕಬ್ಬು ಅವತ್ತೇ ಕಡಿದದ್ದು. ಕಡಿದ ಕಬ್ಬನ್ನು ಇಟ್ಟಷ್ಟೂ ಸಕ್ಕರೆ ಇಳಿಯುತ್ತದೆ, ತೂಕವೂ ಕಡಿಮೆಯಾಗುತ್ತದೆ. ಅದಕ್ಕೇ ಸಂಜೆಯಾದರೂ ಗಾಡಿ ಹೊರಟಿದೆ.

ಮೈಯ ಭಂಗಿಯನ್ನು ಓದಲು ನಮ್ಮ ಗದ್ದೆಯ ಉದಾಹರಣೆ ಕೊಡುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ಜುಲೈನಲ್ಲಿ ಲೋಣಾವಳ, ಮುಳಶಿ ಕಡೆ ಮಳೆ ನೋಡಲು ಹೋದವರೆಲ್ಲ ನಾಟಿಯ ಫೋಟೊ ತೆಗೆಯುತ್ತಾರೆ. ಸಾಲಾಗಿ ಬಗ್ಗಿದ ಹೆಂಗಸರು, ಕೆಸರು, ಹಿಂದೆ ಮೋಡ ಮುಚ್ಚಿದ ಗುಡ್ಡ. ಈ ಫೋಟೊದಲ್ಲಿ ಸಸಿ ಎಲ್ಲಿದೆ ನೋಡಿ. ನೆಟ್ಟ ಸಸಿ ಅವರ ಮುಂದೆ ಇರುತ್ತದೆ, ಖಾಲಿ ಕೆಸರು ಬೆನ್ನ ಹಿಂದೆ. ಯಾಕೆಂದರೆ ನಾಟಿ ಮಾಡುವವರು ಹಿಂದೆ ಹಿಂದೆ ಹೋಗುತ್ತಾರೆ, ನೆಟ್ಟದ್ದನ್ನು ತುಳಿಯಬಾರದಲ್ಲ. ಕೊಯ್ಲಿನಲ್ಲಿ ಇದು ಉಲ್ಟಾ: ಮುಂದೆ ನಿಂತ ಬೆಳೆ, ಹಿಂದೆ ಕೂಳೆ. ಬಗ್ಗಿದ ಬೆನ್ನು ಎರಡರಲ್ಲೂ ಒಂದೇ ಥರ ಕಾಣುತ್ತದೆ, ಆದರೆ ಪಾದ ನಡೆಯುವ ದಿಕ್ಕು ಬೇರೆ. ಆಮೇಲೆ ಸಾಲಿನಲ್ಲಿ ಯಾರಿದ್ದಾರೆ, ಬದುವಿನ ಮೇಲೆ ಯಾರಿದ್ದಾರೆ ಅಂತ ಎಣಿಸಿ. ಬಗ್ಗಿದವರಲ್ಲಿ ಎಷ್ಟು ಹೆಂಗಸರು, ಟಿಲ್ಲರ್ ಹಿಡಿದವರಲ್ಲಿ ಎಷ್ಟು ಗಂಡಸರು? ಬಹಳ ಫೋಟೊಗಳಲ್ಲಿ ಈ ಎಣಿಕೆ ಮುಗಿಸಿದ ಮೇಲೆ ಬೇರೆ ಏನೂ ಹೇಳಬೇಕಾಗುವುದಿಲ್ಲ.

ತಲೆಹೊರೆ ಇದ್ದರೆ ಹೊರೆಯ ಕೆಳಗೆ ಸಿಂಬಿ ಇದೆಯೋ ನೋಡಿ. ಸಿಂಬಿ ಸುತ್ತಿಕೊಂಡವರು ದಿನಾ ಹೊರುವವರು. ಅದಿಲ್ಲದೆ, ಕುತ್ತಿಗೆ ಸೊಟ್ಟ ಮಾಡಿ ನಗುತ್ತಾ ನಿಂತಿದ್ದರೆ ಬಹುಶಃ ಫೋಟೊಗಾಗಿಯೇ ಹೊತ್ತದ್ದು.

ಬಟ್ಟೆ

ನನ್ನ ಫೋಟೊದ ಹೆಂಗಸು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿದ್ದಾಳೆ. ಪ್ರದರ್ಶನದಲ್ಲಿ ಒಬ್ಬರು ‘ಪಾಪ, ಗಂಡನ ಹಳೇ ಅಂಗಿ’ ಅಂದರು. ಚಳಿಗೆ ಅಂತ ನಾನಂದೆ. ಎರಡೂ ಅಲ್ಲ. ಕಬ್ಬಿನ ಗರಿಯ ಅಂಚು ಗರಗಸದ ಹಾಗೆ ಇರುತ್ತದೆ, ಬರಿತೋಳಲ್ಲಿ ಹೋದರೆ ಗೀರು ಬೀಳುತ್ತದೆ. ಅದು ಕೆಲಸದ ಯೂನಿಫಾರ್ಮ್. ಬಡತನದ ಗುರುತು ಅಂದುಕೊಂಡದ್ದು ನೋಡಿದರೆ ಕಸುಬಿನ ಜಾಣತನ. ಗ್ರಾಮೀಣ ಫೋಟೊಗಳಲ್ಲಿ ಈ ತಪ್ಪು ಪದೇ ಪದೇ ಆಗುತ್ತದೆ. ಗದ್ದೆಯಲ್ಲಿ ಬರಿಗಾಲಿದ್ದರೆ ಚಪ್ಪಲಿಗೆ ಗತಿಯಿಲ್ಲ ಅಂತಲ್ಲ, ಚಪ್ಪಲಿ ಹಾಕಿ ಕೆಸರಲ್ಲಿ ಕಾಲೇ ಕೀಳಲಾಗದು.

ಬಟ್ಟೆಯಿಂದ ಊರು ಹೇಳಲು ಹೋಗುವಾಗ ಎಚ್ಚರ. ಕಚ್ಚೆ ಹಾಕಿದ ಸೀರೆ, ಇಳಕಲ್ ಸೆರಗು ಗಡಿಯ ಎರಡೂ ಕಡೆ ಇವೆ. ಬಿಳಿ ಟೋಪಿ ಕಂಡರೆ ಮರಾಠಿ ಅನ್ನುವುದೂ ಅವಸರವೇ, ವಿಜಯಪುರ ಬೆಳಗಾವಿ ಕಡೆಯ ಅಜ್ಜಂದಿರ ತಲೆ ಮೇಲೂ ಅದೇ ಟೋಪಿ ಇರುತ್ತದೆ. ಮಳೆಗಾಲದ ಹಳೆಯ ಫೋಟೊದಲ್ಲಿ ಬಿದಿರು ಎಲೆಯ ಗೊರಬು ಕಂಡರೆ, ಈಚಿನದರಲ್ಲಿ ಪ್ಲಾಸ್ಟಿಕ್ ಕೊಪ್ಪೆ ಕಾಣುತ್ತದೆ. ವರ್ಷ ಗೊತ್ತಿಲ್ಲದ ಫೋಟೊಗೆ ಅದೊಂದು ಸುಳಿವು.

ನೆರಳಿಟ್ಟು ಹೊತ್ತು ಹೇಳುವುದು

ಇದು ನನಗೆ ಭಾರಿ ಇಷ್ಟದ ಭಾಗ. ನಿಂತ ಮನುಷ್ಯನ ಎತ್ತರ, ಅವನ ನೆರಳಿನ ಉದ್ದ ಎರಡನ್ನೂ ಹೋಲಿಸಿ. ಎರಡೂ ಸಮ ಇದ್ದರೆ ಸೂರ್ಯ ದಿಗಂತದಿಂದ 45 ಡಿಗ್ರಿ ಎತ್ತರದಲ್ಲಿದ್ದಾನೆ. ನೆರಳು ಮೂರು ಪಟ್ಟು ಇದ್ದರೆ ಸುಮಾರು 18 ಡಿಗ್ರಿ. ನನ್ನ ಫೋಟೊದಲ್ಲಿ ಹೆಚ್ಚುಕಮ್ಮಿ ಮೂರು ಪಟ್ಟು ಇದೆ. ಡಿಸೆಂಬರ್‌ನ ಪುಣೆಯಲ್ಲಿ ಸೂರ್ಯ ಅಷ್ಟು ಎತ್ತರದಲ್ಲಿ ಇರುವುದು ಬೆಳಗ್ಗೆ ಎಂಟೂವರೆಯ ಸುಮಾರಿಗೆ, ಇಲ್ಲಾ ಸಂಜೆ ನಾಲ್ಕೂವರೆಗೆ. ಫೋನ್ ನೋಡಿದರೆ 4:31 ತೋರಿಸಿತು. ಮನಸ್ಸಿಗೆ ಎಷ್ಟು ಖುಷಿಯಾಯಿತು ಅಂದರೆ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ‘ಫೋನಲ್ಲೇ ಇತ್ತಲ್ಲ, ಲೆಕ್ಕ ಯಾಕೆ?’ ಅಂದಳು.

ಬೆಳಗೋ ಸಂಜೆಯೋ ಅನ್ನುವುದನ್ನು ನೆರಳೊಂದೇ ಹೇಳುವುದಿಲ್ಲ. ದಿಕ್ಕು ಗೊತ್ತಿರಬೇಕು, ಇಲ್ಲ ಬೇರೆ ಗುರುತು ಬೇಕು. ಚಳಿಗಾಲದ ಬೆಳಗಿನಲ್ಲಿ ಒಲೆಯ ಹೊಗೆ ಮೇಲೇರದೆ ನೆಲದ ಮೇಲೆ ಹಾಸಿದ ಹಾಗೆ ನಿಲ್ಲುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ. ಇನ್ನೊಂದು ಮಾತು, ನೆರಳು ಗಿಡ್ಡ ಇದ್ದರೆ ಮಾತ್ರ ಮಧ್ಯಾಹ್ನ ಅಂದುಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ಇಲ್ಲಿ ನಟ್ಟನಡು ಮಧ್ಯಾಹ್ನವೂ ನೆರಳು ಹತ್ತಿರ ಹತ್ತಿರ ನಮ್ಮಷ್ಟೇ ಉದ್ದ ಬೀಳುತ್ತದೆ. ಮೇ ನಡುವಿನಲ್ಲಾದರೆ ನೆರಳು ಕಾಲ ಕೆಳಗೇ ಅಡಗುತ್ತದೆ.

ಋತುವಿಗೆ ಎತ್ತಿನ ಕೊಂಬು ನೋಡಿ. ಮಹಾರಾಷ್ಟ್ರದಲ್ಲಿ ಬಹಳ ಕಡೆ ಶ್ರಾವಣದ ಅಮಾವಾಸ್ಯೆಗೆ ಪೋಳಾ ಹಬ್ಬ, ಕೊಂಬಿಗೆ ಬಣ್ಣ ಬಳಿಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಾರ ಹುಣ್ಣಿಮೆಗೆ, ಅಂದರೆ ಜೂನ್ ಹೊತ್ತಿಗೆ. ಮೈಸೂರು ಕಡೆ ಸಂಕ್ರಾಂತಿಗೆ. ಹಾಗಾಗಿ ಹೊಚ್ಚ ಹೊಸ ಬಣ್ಣ ಮಂಡ್ಯದ ಫೋಟೊದಲ್ಲಿದ್ದರೆ ಜನವರಿ ಇರಬಹುದು, ಭಿಗವಣದಲ್ಲಿದ್ದರೆ ಜನವರಿ ಅನ್ನಲಾಗದು. ನನ್ನ ಎತ್ತುಗಳ ಕೊಂಬಿನಲ್ಲಿ ನೀಲಿ ಬಣ್ಣ ಬುಡದಲ್ಲಷ್ಟೇ ಉಳಿದಿದೆ, ತುದಿಯಲ್ಲಿ ತಿಕ್ಕಿ ಹೋಗಿದೆ. ಹಬ್ಬ ಮುಗಿದು ತಿಂಗಳುಗಳಾಗಿವೆ.

ಫೋನಿನ ಫೋಟೊದಲ್ಲಿ ದಿನ, ಸಮಯ, ಕೆಲವೊಮ್ಮೆ ಜಾಗ ಕೂಡ ಒಳಗೇ ಅಡಗಿರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಅಳಿಸಿ ಹೋಗುತ್ತದೆ. ಊರಿನಿಂದ ಫೋಟೊ ತರಿಸುವಾಗ ‘ಡಾಕ್ಯುಮೆಂಟ್ ಮಾಡಿ ಕಳಿಸು’ ಅನ್ನಿ.

ಫೋಟೊ ತೆಗೆದವರು ಎಲ್ಲಿ ನಿಂತಿದ್ದರು

ಈಗ ಆ ನೀಲಿ. ಕಿಂಡಿಯಲ್ಲಿ ಇಟ್ಟು ನೋಡಿದರೆ ಅದು ಬಸ್ಸಿನ ಗಾಜಿನಲ್ಲಿ ಬಿದ್ದ ನನ್ನ ಸ್ವೆಟರಿನ ತೋಳು. ಆಗ ಇನ್ನೊಂದು ಹೊಳೆಯಿತು. ಫೋಟೊದಲ್ಲಿ ಆ ಗಂಡಸಿನ ಮುಖ ಕಾಣುತ್ತಿಲ್ಲ, ರುಮಾಲಿನ ಮೇಲ್ಭಾಗ ಕಾಣುತ್ತಿದೆ. ನಾನು ಮೇಲಿನಿಂದ ಕೆಳಗೆ ನೋಡುತ್ತಿದ್ದೆ. ಅವನು ‘ತಲೆ ತಗ್ಗಿಸಿದ್ದಾನೆ’ ಅಂತ ಪ್ರದರ್ಶನದಲ್ಲಿ ಎಷ್ಟು ಜನ ಅಂದರು! ತಲೆ ತಗ್ಗಿಸಿಲ್ಲ, ನಾನು ಎತ್ತರದ ಸೀಟಿನಲ್ಲಿದ್ದೆ ಅಷ್ಟೆ.

ಕ್ಯಾಮೆರಾ ಮೇಲಿದ್ದರೆ ಕೆಳಗಿನವರು ಕುಗ್ಗಿದ ಹಾಗೆ ಕಾಣುತ್ತಾರೆ. ನೆಲಮಟ್ಟದಿಂದ ತೆಗೆದರೆ ಅದೇ ಮನುಷ್ಯ ಆಕಾಶಕ್ಕೆ ತಲೆ ಕೊಟ್ಟು ನಿಂತ ವೀರ. ದೂರದಿಂದ ಜೂಮ್ ಮಾಡಿದರೆ ಹಿಂದಿನದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ನನ್ನ ಫೋಟೊದಲ್ಲಿ ಚಿಮಣಿ ಗಾಡಿಯ ಬೆನ್ನಿಗೇ ಇದ್ದಂತಿದೆ, ನಿಜವಾಗಿ ಕಿಲೋಮೀಟರ್‌ಗಟ್ಟಲೆ ದೂರ.

ಅವರು ಕ್ಯಾಮೆರಾ ಕಡೆ ನೋಡುತ್ತಿದ್ದಾರೋ ಇಲ್ಲವೋ ಅದನ್ನೂ ಬರೆದಿಡಿ. ಗಾಡಿ ಮೇಲಿನ ಹೆಂಗಸು ನೇರ ನನ್ನ ಕಡೆ ನೋಡುತ್ತಿದ್ದಾಳೆ. ನಾನು ಕೇಳದೆ ತೆಗೆದೆ. ಅದು ಅವಳಿಗೆ ಗೊತ್ತಾಗಿದೆ.

ಚೌಕಟ್ಟಿನ ಆಚೆ ಯಾರಿರಬೇಕು ಅಂತಲೂ ಯೋಚಿಸಿ. ನನ್ನದರಲ್ಲಿ ಹೊಲದ ಮಾಲಕ ಇಲ್ಲ, ಮುಕಾದಮ ಇಲ್ಲ, ಕಾರ್ಖಾನೆಯ ಗೇಟಿನಲ್ಲಿ ಕಾಟಾ ಮಾಡುವವನಿಲ್ಲ, ಅಂದರೆ ತೂಕ ಹಾಕುವವನಿಲ್ಲ. ಆ ಸಂಜೆಯ ಬಗ್ಗೆ ತೀರ್ಮಾನ ಮಾಡುವವರೆಲ್ಲ ಫೋಟೊದ ಹೊರಗಿದ್ದಾರೆ. ನೀರೂ ಹೊರಗಿದೆ. ಭೀಮಾ ನದಿಯ ಉಜನಿ ಹಿನ್ನೀರು ಪಕ್ಕದಲ್ಲೇ. ಕ್ಯಾಮೆರಾ ಇದ್ದವರು ಭಿಗವಣಕ್ಕೆ ಹೋಗುವುದೇ ಅಲ್ಲಿ ಇಳಿಯುವ ರಾಜಹಂಸಗಳಿಗಾಗಿ. ಅದೇ ಭೀಮೆ ಹರಿದು ಕಾಕಾನ ಇಂಡಿ ತಾಲೂಕಿನ ಅಂಚಿಗೂ ಹೋಗುತ್ತಾಳೆ.

ಈಗೀಗ ಎಐ ಮಾಡಿದ ಹಳ್ಳಿ ಚಿತ್ರಗಳೂ ಬರುತ್ತಿವೆ. ಅಲ್ಲಿ ನೊಗ ನೋಡಿ. ನಿಜವಾದ ನೊಗ ಎತ್ತಿನ ಹಿಣಿಲಿನ, ಅಂದರೆ ಭುಜದ ಮೇಲಿನ ಡುಬ್ಬದ, ಮುಂದೆ ಕೂರುತ್ತದೆ. ಎಐ ಅದನ್ನು ಬೆನ್ನಿನ ಮೇಲೋ ಗಾಳಿಯಲ್ಲೋ ಇಟ್ಟಿರುತ್ತದೆ, ಹಗ್ಗ ಎಲ್ಲಿಂದಲೋ ಶುರುವಾಗಿ ಎಲ್ಲೂ ಮುಗಿಯುವುದಿಲ್ಲ.

ಗೊತ್ತಿದ್ದವರನ್ನು ಕೇಳಿ, ಆಮೇಲೆ ಬರೆಯಿರಿ

ಹಾಳೆಯ ಮೂರನೇ ಭಾಗದಲ್ಲಿ, ‘ಕೇಳಬೇಕಾದ್ದು’ ಅಂತ ಬರೆದ ಪ್ರಶ್ನೆಗಳನ್ನು ಆ ಕೆಲಸ ಮಾಡಿದವರ ಮುಂದೆ ಇಡಿ. ‘ಇದರಲ್ಲಿ ಏನಿದೆ?’ ಅಂತ ಕೇಳಬೇಡಿ, ‘ಚೆನ್ನಾಗದ’ ಅಂತ ಹೇಳಿ ಸುಮ್ಮನಾಗುತ್ತಾರೆ. ‘ಇವರು ಇದನ್ನು ಸರಿಯಾಗಿ ಹೇರಿದ್ದಾರಾ?’ ಅಂತ ಕೇಳಿ. ತಪ್ಪು ಹುಡುಕಲು ಬಿಟ್ಟರೆ ಯಾರೂ ಸುಮ್ಮನಿರುವುದಿಲ್ಲ.

ಅಭ್ಯಾಸಕ್ಕೆ ಒಳ್ಳೆಯ ಫೋಟೊ ಬೇಕಿದ್ದರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ನೋಡಿ. ಪತ್ರಕರ್ತ ಪಿ. ಸಾಯಿನಾಥ್ ಮುಂಬಯಿಯಿಂದ 2014ರಲ್ಲಿ ಶುರು ಮಾಡಿದ್ದು, ಕನ್ನಡದಲ್ಲೂ ಇದೆ. ಬರಹ ಮುಚ್ಚಿ ಫೋಟೊ ಓದಿ, ಆಮೇಲೆ ತೆರೆದು ತಾಳೆ ನೋಡಿ. ಮೊದಮೊದಲು ನನ್ನದು ಅರ್ಧಕ್ಕರ್ಧ ತಪ್ಪುತ್ತಿತ್ತು.

ಕೊನೆಗೆ ಫೋಟೊದ ಕೆಳಗಿನ ಸಾಲು. ಹಾಳೆಯ ಮೊದಲ ಭಾಗದಿಂದ, ಅಂದರೆ ಕಂಡದ್ದರಿಂದ ಮಾತ್ರ ಬರೆಯಿರಿ, ಕೇಳಿ ಖಚಿತವಾದದ್ದನ್ನು ಸೇರಿಸಿ. ನನ್ನದು ಈಗ ಹೀಗಿದೆ: ‘ಕಡಿದ ಕಬ್ಬನ್ನು ಕಾರ್ಖಾನೆಗೆ ಒಯ್ಯುತ್ತಿರುವ ಕಬ್ಬು ಕಡಿಯುವವರು. ಭಿಗವಣದ ಹತ್ತಿರ, ಡಿಸೆಂಬರ್, ಸಂಜೆ ನಾಲ್ಕೂವರೆ. ಬಸ್ಸಿನ ಕಿಟಕಿಯಿಂದ.’ ಹಳೆಯದರಷ್ಟು ಅಂದವಾಗಿಲ್ಲ, ಇರಲಿ.

ಇದಾಗಿ ಒಂದು ವಾರಕ್ಕೆ ಕಾಕಾ ಫೋಟೊ ಕೇಳಿ ತಮ್ಮ ಫೋನಿಗೆ ಹಾಕಿಸಿಕೊಂಡರು, ಊರಲ್ಲಿರುವ ಅವ್ವನಿಗೆ ಕಳಿಸಲು. ಮರುದಿನ ಗೇಟಿನಲ್ಲಿ ನಿಲ್ಲಿಸಿದರು.

‘ಅವ್ವ ನೋಡಿದ್ಳರಿ. ಬಲಗಡಿ ಎತ್ತ ಕುಂಟತದ, ಅದಕ್ಯಾಕ ಇಷ್ಟ ಹೇರ್‍ಯಾರ ಅಂತ ಬೈದ್ಳು.’

ಮನೆಗೆ ಹೋಗಿ ಕಿಂಡಿಯ ಕಾಗದ ತೆಗೆದು ಎತ್ತಿನ ಕಾಲಿನ ಮೇಲೆ ಇಟ್ಟೆ. ಹಿಂದಿನ ಬಲಗಾಲಿನ ಗೊರಸಿಗೆ ಬಟ್ಟೆ ಸುತ್ತಿ ಕಟ್ಟಿದ್ದಾರೆ. ಇಷ್ಟು ದಿನ ಅದನ್ನು ಕೆಸರು ಅಂದುಕೊಂಡಿದ್ದೆ.